ಹೆಸರು ಕೇಳಿದ್ದಕ್ಕೆ ಅಂಕವಿಲ್ಲ

ಟೈಲರ್ ಹಯಾತ್ ಕಳೆದ ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಐವತ್ತೆಂಟು ವರ್ಷ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಹೃದಯದ ಕವಾಟವನ್ನು ಕಿರಿದಾಗಿಸಿತ್ತು. ಒಮ್ಮೆ ಬಲೂನ್ ಹಾಕಿ ಅಗಲ ಮಾಡಿದ್ದರು. ಅದು ಮತ್ತೆ ಕಿರಿದಾಯಿತು.

ಭದ್ರಾವತಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ, ಅವನು ನ್ಯೂ ಟೌನ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟ. ಟೇಪು ಮುಟ್ಟಿಸುವ ಮೊದಲು, "ತೋಳು ಸ್ವಲ್ಪ ಎತ್ತಿ ಸಾರ್, ಎದೆ ಅಳತೆ ತಗೋತೀನಿ" ಎನ್ನುತ್ತಿದ್ದ. ಸೊಂಟದ ಅಳತೆಯನ್ನು ಎಂದೂ ಕೂಗಿ ಹೇಳುತ್ತಿರಲಿಲ್ಲ, ಸುಮ್ಮನೆ ಬರೆದುಕೊಳ್ಳುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದೆ. "ಹೊಟ್ಟೆ ಬಂದಿರೋದು ಅವರಿಗೆ ಗೊತ್ತು ಮಾರಾಯ. ಅಂಗಡಿಗೆಲ್ಲ ಯಾಕೆ ಗೊತ್ತಾಗ್ಬೇಕು?"

ಶಿವಮೊಗ್ಗದ ಮೆಡಿಕಲ್ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಗೆ ನಿಜವಾದ ರೋಗಿಗಳು ಬೇಕು. ಅವರನ್ನು ಕೇಸ್ ಎನ್ನುತ್ತಾರೆ. ಹಯಾತ್‌ಗೆ ಔಷಧಿ ಬರೆಯುತ್ತಿದ್ದ ಡಾ. ತ್ರಿವಿಕ್ರಮ ಅವನನ್ನೂ ಕರೆದರು. ಎದೆಯಲ್ಲಿ ಕೇಳುವ ಆ ಗುರುಗುರು ಸದ್ದು ಪರೀಕ್ಷೆಗೆ ಬಹಳ ಒಳ್ಳೆಯದಂತೆ. ಒಂಬತ್ತು ವರ್ಷ ಅವನು ಬಸ್ಸು ಹತ್ತಿ ಹೋಗಿ, ಅಂಗಿ ಬಿಚ್ಚಿ ಮಲಗಿ ಬಂದ. ಪರೀಕ್ಷೆಯ ದಿನ ಹದಿನೈದಿಪ್ಪತ್ತು ವಿದ್ಯಾರ್ಥಿಗಳು ಅವನ ಎದೆಯ ಮೇಲೆ ತಣ್ಣಗಿನ ಸ್ಟೆತಾಸ್ಕೋಪ್ ಇಟ್ಟರು. ಒಂಬತ್ತು ವರ್ಷದಲ್ಲಿ ಹೆಸರು ಕೇಳಿದವರು ನಾಲ್ಕು ಜನ. ಅವನು ಲೆಕ್ಕ ಇಟ್ಟಿದ್ದ.

ಕೇಸ್ ಆಗಿ ಮಲಗಿದವರಿಗೆ ತಮ್ಮ ಕಾಯಿಲೆಯ ಇಂಗ್ಲಿಷ್ ಹೆಸರು ಬಾಯಿಪಾಠ. ಪಾಪ ಎನಿಸಿದ ವಿದ್ಯಾರ್ಥಿಗೆ ಪಿಸುಗುಟ್ಟುವುದು ಅಲ್ಲಿನ ರೂಢಿ. ಹಯಾತ್ ಯಾರಿಗೂ ಹೇಳುತ್ತಿರಲಿಲ್ಲ. "ಅಳತೆ ತಗೊಳ್ದೆ ಬಟ್ಟೆ ಕತ್ತರಿಸೋದು ಹೆಂಗೆ ಕಲಿಸ್ಲಿ?" ಎನ್ನುತ್ತಿದ್ದ. ಆದರೆ ಪರೀಕ್ಷೆ ಇಲ್ಲದ ದಿನಗಳಲ್ಲಿ ತಪಾಸಣೆಗೆಂದು ಹೋದಾಗ, ವಾರ್ಡಿಗೆ ಬರುವ ಮಕ್ಕಳಿಗೆ ಕಾಯಿಲೆಯ ಮಾತೆತ್ತದೆ ಬೇರೆಯದನ್ನು ಕಲಿಸುತ್ತಿದ್ದ: ಹೆಸರು ಕೇಳಿ, ಮುಟ್ಟುವ ಮುಂಚೆ ಹೇಳಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಹೆಚ್ಚಿನವರು ನಕ್ಕು ಮರೆತರು. ಸುಶ್ಮಿತಾ ಎಂಬ ಹುಡುಗಿ ಮರೆಯಲಿಲ್ಲ.

ಹೋದ ವರ್ಷದ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕಿದ್ದು ಹಯಾತನೇ. ಇದ್ದದ್ದು ಹತ್ತು ನಿಮಿಷ. ಗೊತ್ತಿದ್ದರೂ ಹೆಸರು ಕೇಳಿದಳು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ವಿಚಾರಿಸಿ ದಿಂಬು ಹುಡುಕಿ ತಂದು ಬೆನ್ನಿಗಿಟ್ಟಳು. ಕೈ ಉಜ್ಜಿಕೊಂಡಳು. ಎದೆಗೆ ಕಿವಿಗೊಡುವಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷಕರು ಕಾಯಿಲೆ ಏನೆಂದು ಕೇಳಿದಾಗ ತಪ್ಪು ಹೇಳಿದಳು. ಫೇಲಾದಳು.

ಹಯಾತ್ ಆ ಸಂಜೆ ಭದ್ರಾವತಿಗೆ ಹೋಗದೆ ನೇರ ಶಿವಮೊಗ್ಗದಲ್ಲೇ ಇರುವ ವಿನೋಬನಗರದ ನಮ್ಮ ಮನೆಗೆ ಬಂದ.

"ಎರಡು ಪದ ಮಾರಾಯ. ಪಿಸುಗುಟ್ಟಿದ್ರೆ ಮುಗೀತಿತ್ತು. ನನ್ನ ಶಿಸ್ತು ನೋಡು, ಹುಡುಗೀನ ಮುಳುಗಿಸ್ತು."

ಮರುದಿನ ಇಬ್ಬರೂ ಡಾ. ತ್ರಿವಿಕ್ರಮರ ಕೋಣೆಗೆ ಹೋದೆವು. ಕೆಟ್ಟ ಮನುಷ್ಯರಲ್ಲ, ಕೂರಿಸಿ ಕಾಫಿ ಕೊಟ್ಟರು.

"ಆ ಮಗು ಹೆಸರು ಕೇಳ್ತು ಸಾರ್. ದಿಂಬು ಕೊಡ್ತು. ಅದಕ್ಕೊಂದು ಅಂಕ ಇಲ್ವಾ?"

"ಒಳ್ಳೇದೇ ಹಯಾತ್. ಆದ್ರೆ ಅಂಕಪಟ್ಟೀಲಿ ಅದಕ್ಕೆ ಕಾಲಂ ಇಲ್ವಲ್ಲ."

"ಗೆರೆ ಎಳೆದ್ರೆ ಆಯ್ತಲ್ಲ ಸಾರ್."

ಅವರು ನಕ್ಕರು. ಬರೆದು ಕೊಡಿ, ನೋಡೋಣ ಎಂದರು. ಬರೆದವನು ನಾನು. ಒಂದು ಸಾಲು ಸಾಕಾಗಿತ್ತು. ಗ್ರಂಥಾಲಯದವನ ಚಟ, ಕರುಣೆ ಎಂದರೇನು, ವೈದ್ಯಧರ್ಮ ಎಂದರೇನು ಎಂದು ನಾಲ್ಕು ಪುಟ ಬರೆದೆ. ಆ ನಾಲ್ಕು ಪುಟದಲ್ಲಿ ಕಾಲಂ ಬೇಕೆಂಬ ಮಾತು ಎಲ್ಲೋ ಮೂರನೆಯದರಲ್ಲಿತ್ತು. ಅಲ್ಲಿಯವರೆಗೆ ಯಾರೂ ಓದಲಿಲ್ಲ ಎಂದು ಈಗ ಖಾತ್ರಿಯಾಗಿ ಹೇಳಬಲ್ಲೆ.

ಕಾಲಂ ಬರಲಿಲ್ಲ, ಕಾರ್ಯಾಗಾರ ಬಂತು. 'ವೈದ್ಯಕೀಯದಲ್ಲಿ ಸಹಾನುಭೂತಿ' ಎಂಬ ಬ್ಯಾನರು, ದೀಪ, ಮೂರು ಜನರಿಗೆ ಶಾಲು. ನಮ್ಮನ್ನು ಕೊನೆಯ ಸಾಲಿನಲ್ಲಿ, ನೀರಿನ ಕ್ಯಾನುಗಳ ಪಕ್ಕ ಕೂರಿಸಿದರು. ಸಂಶೋಧನೆಗೆಂದು ವಿದ್ಯಾರ್ಥಿಗಳಿಗೆ ಒಂದು ಫಾರಂ ಹಂಚಿದರು. 'ರೋಗಿಯ ನೋವು ನನಗೆ ಅರ್ಥವಾಗುತ್ತದೆ', ಒಂದರಿಂದ ಐದರೊಳಗೆ ಗುರುತು ಮಾಡಿ. ನಮ್ಮ ಮುಂದಿನ ಸಾಲಿನವರೆಲ್ಲ ಐದಕ್ಕೆ ಗುರುತು ಮಾಡಿದರು. ಹಯಾತ್ ಬಗ್ಗಿ ನೋಡಿ ನನ್ನ ಕಿವಿಯಲ್ಲಿ ಹೇಳಿದ: "ಪ್ಯಾಂಟು ಸರಿಯಾಗಿದ್ಯಾ ಅಂತ ಟೈಲರ್‌ನೇ ಕೇಳ್ದಂಗಾಯ್ತು. ಹಾಕ್ಕೊಂಡೋನ್ನ ಕೇಳ್ಬೇಕಲ್ವಾ?"

ಆ ಫಾರಮ್ಮಿನಿಂದ ಒಂದು ಪ್ರಬಂಧ ಅಚ್ಚಾಯಿತು. ನಾನು ಹುಡುಕಿ ಓದಿದೆ. ಸಹಾನುಭೂತಿ ತೃಪ್ತಿಕರ ಮಟ್ಟದಲ್ಲಿದೆಯಂತೆ.

ಫೇಲಾದ ಆರು ತಿಂಗಳಿಗೆ ಸುಶ್ಮಿತಾ ಮತ್ತೆ ಪರೀಕ್ಷೆಗೆ ಕೂತಳು. ಆ ಸಲ ಸಿಕ್ಕಿದ್ದು ಬೇರೊಬ್ಬ ಕೇಸ್. ಪಾಸಾದ ಸುದ್ದಿ ಹೇಳಲು ಸಿಹಿ ಹಿಡಿದು ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ.

"ಕೇಸ್ ಯಾರಮ್ಮ, ಯಾವೂರವ್ರು?" ಎಂದು ಹಯಾತ್ ಕೇಳಿದ.

ಅವಳು ಪೆಟ್ಟಿಗೆಯ ದಾರ ಬಿಚ್ಚುತ್ತಾ ನಿಂತಳು. "ಕೇಳ್ಲಿಲ್ಲ ಅಂಕಲ್. ಟೈಮ್ ಸಾಲಲ್ಲ ಅಂತ ಸೀದಾ ಎದೆಗೇ ಹೋದೆ."

"ಬಿಡಮ್ಮ, ಪಾಸಾದ್ಯಲ್ಲ," ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡ. ಅವಳು ಹೋದ ಮೇಲೆ ಮಷಿನ್ನಿನ ಮುಂದೆ ಕೂತ, ತುಳಿಯಲಿಲ್ಲ. "ನಾನು ಕಲಿಸಿದ್ದನ್ನ ಬಿಟ್ಟಿದ್ದಕ್ಕೆ ಪಾಸಾದ್ಳು ಆನಂದ," ಎಂದು ನನಗೆ ಹೇಳಿದ. ಮತ್ತೆಂದೂ ಅವನು ಕೇಸ್ ಆಗಿ ಹೋಗಲಿಲ್ಲ.

ಕಳೆದ ಬುಧವಾರ ರಾತ್ರಿ ಏದುಸಿರು ಹೆಚ್ಚಾಗಿ ಅವನನ್ನು ಶಿವಮೊಗ್ಗಕ್ಕೆ ತಂದರು. ನಾನು ತಲುಪಿದ್ದು ಎಲ್ಲ ಮುಗಿದ ಮೇಲೆ. ಆ ಬೆಳಗಿನದನ್ನು ಹೇಳಿದವರು ಅವನ ಹೆಂಡತಿ ಅಖ್ತರ್ ಬೀ. ಅಷ್ಟು ಹೊತ್ತಿನಲ್ಲಿ ಅವನನ್ನು ಏಳನೇ ಬೆಡ್ ಎಂದೇ ಎಲ್ಲರೂ ಕರೆದರಂತೆ.

ಹತ್ತು ಗಂಟೆಗೆ ಗುರುತಿಲ್ಲದ ಕಿರಿಯ ಡಾಕ್ಟರೊಬ್ಬಳು ಬಂದಳು. ಹೊಸ ಬಿಳಿ ಕೋಟು, ತೋಳು ಎರಡು ಇಂಚು ಉದ್ದ, ಬೆರಳಿನವರೆಗೆ ಇಳಿದಿತ್ತು. ಏನೂ ಹೇಳದೆ ನಾಡಿ ಹಿಡಿದಳು. ಕೋಟಿನ ತೋಳು ಅಡ್ಡ ಬಂದು ಸಿಗಲಿಲ್ಲ. ಇನ್ನೊಮ್ಮೆ ಹಿಡಿದಳು. ಹಯಾತ್ ಇನ್ನೊಂದು ಕೈಯಿಂದ ಆಕ್ಸಿಜನ್ ಮಾಸ್ಕ್ ಸರಿಸಿ, "ತೋಳು ಮಡಚ್ತೀನಮ್ಮ," ಎಂದ. ಅವಳು ತಲೆಯಾಡಿಸುವವರೆಗೆ ಕಾದು, ಆ ತೋಳನ್ನು ಒಂದರ ಮೇಲೊಂದು ಸಮನಾಗಿ ಎರಡು ಮಡಿಕೆ ಮಡಚಿ, ತನ್ನ ಮಣಿಕಟ್ಟನ್ನು ಅವಳ ಬೆರಳಿನ ಕೆಳಗೆ ಇಟ್ಟ.