ಅವ್ವನ ಸೀರೆಯ ಕೌದಿ

ನಾನು ಚಿಕ್ಕವನಿದ್ದಾಗ ಚಳಿಗಾಲ ಬಂತೆಂದರೆ ನಮಗೆ ಕೌದಿಯೇ ಗತಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ಹೊದಿಕೆ ಅದು. ಆಗ ನಾವು ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದೆ, ಒಂದೇ ಕೋಣೆಯ ಮನೆಯಲ್ಲಿದ್ದೆವು. ಅಪ್ಪ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಅವಳ ಎರಡು ಇಳಕಲ್ ಸೀರೆಗಳಿಂದ ಅಕ್ಕ ನನಗೊಂದು ಕೌದಿ ಹೊಲಿಯುತ್ತಿದ್ದಳು. ಇನ್ನೂ ಒಂದು ಮೂಲೆ ಮುಚ್ಚುವುದು ಬಾಕಿ ಇತ್ತು. ನನಗೆಲ್ಲಿಯ ತಾಳ್ಮೆ? ಆಗಲೇ ಅದನ್ನು ಹೊದ್ದು ಮಲಗುತ್ತಿದ್ದೆ. ಹಸಿರು ಸೆರಗಿನ ಭಾಗವನ್ನು ಮುಖದ ಮೇಲೆ ಎಳೆದುಕೊಂಡರೆ ಕೂಡಲೇ ನಿದ್ದೆ.

ಆ ವರ್ಷ ದೂರದ ಬಂಗಾಳದ ಗಡಿಯಾಚೆ ಯುದ್ಧ. ಮನೆಮಠ ಬಿಟ್ಟು ಓಡಿಬಂದ ಮಕ್ಕಳು ಡೇರೆಗಳಲ್ಲಿ ನಡುಗುತ್ತಿದ್ದಾರೆ, ಅವರಿಗೆ ಹೊದಿಕೆ ಕಳಿಸಬೇಕು ಎಂದು ಶಾಲೆಯಲ್ಲಿ ಗುರುಗಳು ಹೇಳಿದರು. "ಯಾರು ಕೊಡ್ತೀರಿ?" ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನೇ. ಹಿಂದುಮುಂದು ನೋಡುವ ಜಾಯಮಾನ ನನ್ನದಲ್ಲ. ಮನೆಗೆ ಬಂದ ಮೇಲೆ ಕೊಡಲು ಏನಿದೆ ಎಂದು ಹುಡುಕಿದೆ. ನಮ್ಮಲ್ಲಿದ್ದದ್ದು ಅಪ್ಪನ ತೂತು ಬಿದ್ದ ಕಂಬಳಿ, ಅಕ್ಕನ ಹರಿದ ಚಾದರ, ಮತ್ತೆ ನನ್ನ ಕೌದಿ.

ಅಪ್ಪ ಬೈಯಲಿಲ್ಲ. "ಕೌದಿ ನಿಂದು. ಕೊಡೂದು ಬಿಡೂದು ನಿನಗ ಬಿಟ್ಟದ್ದಪಾ," ಎಂದು ಉಣ್ಣಲು ಕುಳಿತ. ಎಲ್ಲರೆದುರು ಕೈ ಎತ್ತಿ ಬಂದವನ ಮರ್ಯಾದೆಯ ಪ್ರಶ್ನೆ. ಕೊಡ್ತೀನಿ ಎಂದುಬಿಟ್ಟೆ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಬರಿದಾಗಿ ಮುಚ್ಚುವುದಿಲ್ಲ. ಚೂರು ತಿನಿಸು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು ಎಂಬುದು ಹಿರಿಯರ ಮಾತು. ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಏನರ ಒಂದೀಟು ಇಡೋ," ಎಂದಳು. ಆ ಮಕ್ಕಳೂ ಹಸಿದಿರುತ್ತಾರಲ್ಲ ಎಂದುಕೊಂಡು, ಅವಳ ಕಣ್ಣು ತಪ್ಪಿಸಿ ಒಂದು ಮುಷ್ಟಿ ಪುಡಿಬೆಲ್ಲ ತುರುಕಿದೆ.

ಮರುದಿನ ಬೆಳಿಗ್ಗೆ ಮೂವರೂ ಸ್ಟೇಷನ್ನಿಗೆ ಹೋದೆವು. ಶಾಲೆಗಳಿಂದ ಬಂದ ಹೊದಿಕೆಗಳನ್ನು ರೈಲಿಗೆ ಹಾಕಲು ಅಲ್ಲಿ ಮೂಟೆ ಕಟ್ಟಿಸುತ್ತಿದ್ದ ಹೆಂಗಸೊಬ್ಬರು ಕೌದಿ ಬಿಡಿಸಿ ನೋಡಿದರು. ಮೂಲೆಯ ತುಂಬ ಕೆಂಪಿರುವೆ. "ಚೀಂಟಿಯಾಂ ಹೈ ಬೇಟಾ, ನಹೀ ಚಲ್ತಾ," ಎಂದು ನನ್ನ ಕೈಗೇ ಮರಳಿಸಿದರು.

ಮೊಮ್ಮಕ್ಕಳೇ, ಸುಳ್ಳು ಯಾಕೆ ಹೇಳಲಿ, ನನಗೆ ಹಿಗ್ಗೋ ಹಿಗ್ಗು. ಕೊಟ್ಟ ಹೆಸರೂ ಬಂತು, ಕೌದಿಯೂ ಉಳಿಯಿತು. ಇರುವೆ ಕಚ್ಚಿದರೂ ಲೆಕ್ಕಿಸದೆ ಎದೆಗವಚಿಕೊಂಡೆ.

"ವಾಪಸ್ ಒಯ್ಯೂಣೇನು?" ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅವಳ ಕಣ್ಣಲ್ಲೂ ಅದೇ ಆಸೆ ಇತ್ತು. ಸೀರೆ ಅವಳ ಅವ್ವನದೂ ಹೌದಲ್ಲ.

ಹೂಂ ಎನ್ನಲು ಬಾಯಿ ತೆರೆದೆ. ಆದರೆ ಈ ಕೌದಿ ಇಲ್ಲದೆ ಮಲಗಬೇಕೆಂದು ನೆನೆದರೇ ನನಗೆ ಇಷ್ಟು ಅಳು ಬರುತ್ತದೆ, ಮನೆಯನ್ನೇ ಕಳೆದುಕೊಂಡ ಮಕ್ಕಳು ಹೇಗೆ ಮಲಗುತ್ತಾರೆ ಎನಿಸಿತು. ನನಗೆ ಅಪ್ಪನಾದರೂ ಇದ್ದ, ಅಕ್ಕ ಇದ್ದಳು.

"ಬೆಲ್ಲ ಝಾಡಿಸಿಬಿಡಕ್ಕ," ಎಂದೆ. "ರೊಟ್ಟಿ ಚೂರು ಇಡು. ಖಾಲಿ ಹೊಟ್ಟೀಲೆ ಕಳಸಬ್ಯಾಡ."

ಅಕ್ಕ ಪ್ಲಾಟ್‌ಫಾರ್ಮಿನ ಮೇಲೆಯೇ ಕುಳಿತು ಹಲ್ಲಿನಿಂದ ಹೊಲಿಗೆ ಬಿಚ್ಚಿದಳು. ಇರುವೆ ಕೊಡವಿ, ಅಪ್ಪನ ಬುತ್ತಿಯಿಂದ ಉಗುರಿನಷ್ಟು ಜೋಳದ ರೊಟ್ಟಿ ಮುರಿದು ಒಳಗಿಟ್ಟಳು. ಮೂಟೆ ಹೊಲಿಯುವವರ ಹತ್ತಿರ ಸೂಜಿ ಇಸಿದುಕೊಂಡು ಮೂಲೆ ಮುಚ್ಚಿದಳು. ಆ ಹೆಂಗಸು ಎಲ್ಲವನ್ನೂ ನೋಡುತ್ತಿದ್ದರು. ಈ ಸಲ ಎರಡೂ ಕೈಯಲ್ಲಿ ಇಸಿದುಕೊಂಡರು. ಆ ಚಳಿಗಾಲವೆಲ್ಲ ನಾನು ಅಪ್ಪನ ಕಂಬಳಿಯಲ್ಲಿ ಮೈ ತುರಿಸಿಕೊಳ್ಳುತ್ತ ಮಲಗಿದೆ.

ಈಗ ಇದೇ ಹೈದರಾಬಾದಿನ ಮಣಿಕೊಂಡದ ಈ ಮನೆಯಲ್ಲಿ ಕುಳಿತು ನೀವು ಯುದ್ಧದೂರಿನ ಮಕ್ಕಳನ್ನು ಮೊಬೈಲಿನಲ್ಲಿ ನೋಡುತ್ತೀರಿ. ನಿಮ್ಮಮ್ಮ ಬೆರಳು ಒತ್ತಿದರೆ ಅವರಿಗೆ ನೆರವು ಹೋಗುತ್ತದೆ, ಮುಟ್ಟಿತೆಂಬ ಸುದ್ದಿಯೂ ಬರುತ್ತದೆ. ನನ್ನ ಕೌದಿ ಯಾವ ಮಗುವಿಗೆ ಸಿಕ್ಕಿತೋ ನನಗೆ ಗೊತ್ತಾಗಲೇ ಇಲ್ಲ. ನಿಮ್ಮಮ್ಮನ ಫೋಟೊಗಳು ಫೋನಿನಲ್ಲಿ ಸಾವಿರ ಇವೆ. ನಮ್ಮವ್ವನದು ಒಂದೂ ಇಲ್ಲ. ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ನೀವು ಶಾಲೆಯಿಂದ ಬಂದು ಅಮ್ಮನ ಮಡಿಲಲ್ಲಿ ಮುಖ ಹುದುಗಿಸುವುದನ್ನು ಕಂಡಾಗ, ಈಗ ನನ್ನಷ್ಟೇ ಮುದಿಯಾಗಿರುವ ಆ ಮಗುವನ್ನು ಹುಡುಕಿ ಒಂದು ಮಾತು ಕೇಳಬೇಕೆನಿಸುತ್ತದೆ: ನಮ್ಮವ್ವನ ಮೈವಾಸನೆ ಹೇಗಿತ್ತು, ನಿನಗಾದರೂ ನೆನಪಿದೆಯೆ?