ಬೆರಳದ್ದಿದ ನೀರು

ನಮ್ಮ ಮನೆಯಲ್ಲಿ ನೀರಿನ ಲೋಟವನ್ನು ಬುಡದಲ್ಲಿ ಹಿಡಿಯಬೇಕು. ಅಪ್ಪಿತಪ್ಪಿ ಬೆರಳು ಅಂಚಿಗೆ ತಾಗಿತೋ, ಯಜಮಾನರು ಬೈಯುವುದಿಲ್ಲ; ನೀರನ್ನು ಸಿಂಕಿಗೆ ಸುರಿದು, ಲೋಟ ತೊಳೆದು, ತಾವೇ ಮತ್ತೆ ತುಂಬಿಸಿಕೊಳ್ಳುತ್ತಾರೆ. ಪುಣೆಯ ಬಿಬವೇವಾಡಿಯಲ್ಲಿ ಅರ್ಧ ಆಯುಷ್ಯ ಹೋಟೆಲು ನಡೆಸಿದವರ ಧರ್ಮಪತ್ನಿಯಾಗಿ ನಾನು ಈ ಶಿಸ್ತಿಗೆ ಎಷ್ಟು ಒಗ್ಗಿಹೋಗಿದ್ದೇನೆಂದರೆ, ನೆಂಟರ ಮನೆಯಲ್ಲೂ ನನ್ನ ಕಣ್ಣು ಮೊದಲು ಹೋಗುವುದು ನೀರು ತಂದವರ ಬೆರಳಿಗೆ, ಆಮೇಲೆ ಮುಖಕ್ಕೆ.

ಹೋಟೆಲು ಈಗಿಲ್ಲ. ಹಳೆಯ ಕಟ್ಟಡವನ್ನು ಕೆಡವಿದರು. ಹೊಸದರ ನೆಲ ಅಂತಸ್ತಿಗೆ ಕನ್ನಡಕದ ಅಂಗಡಿ ಬಂತು. ಶಟರ್ ಎಳೆದ ದಿನದಿಂದ ಇವರು ಆ ರಸ್ತೆಯನ್ನೇ ತ್ಯಜಿಸಿದರು. ತರಕಾರಿಗೆ ಹೋಗುವಾಗ ಒಂದು ಸುತ್ತು ಹೆಚ್ಚು ನಡೆಯುತ್ತಾರೆ; ಕೇಳಿದರೆ ಡಾಕ್ಟರ ಅಪ್ಪಣೆ ಎನ್ನುತ್ತಾರೆ. ಮನೆಯಲ್ಲಿ ಆ ಸುದ್ದಿ ಎತ್ತುವಂತಿಲ್ಲ. ಎತ್ತಿದರೆ ಪೇಪರು ಮುಖದ ಮುಂದೆ ಬರುತ್ತದೆ. ನೋಡೋಣವೆಂದರೆ ಒಂದು ನೆಟ್ಟಗಿನ ಫೋಟೋ ಕೂಡ ಇಲ್ಲ. ಇರುವುದೆಲ್ಲ ಆಯುಧಪೂಜೆಯ ದಿನದ್ದು, ಅದರಲ್ಲಿ ಕಾಣುವುದು ರುಬ್ಬುವ ಯಂತ್ರದ ಹಾರ ಮತ್ತು ಅದರ ಹಿಂದೆ ಸಾಲಾಗಿ ನಮ್ಮ ಹಣೆಗಳು.

ಕಳೆದ ತಿಂಗಳು ನಿಗಡಿಯಲ್ಲಿ ತಂಗಿಯ ಮಗಳ ಗೃಹಪ್ರವೇಶವಿತ್ತು. ಗೋಡೆ ಗಡಿಯಾರವಲ್ಲದ ಉಡುಗೊರೆಯೊಂದನ್ನು ಕೊಡಬೇಕೆಂಬ ಮಹತ್ತ್ವಾಕಾಂಕ್ಷೆಯಿಂದ ಮೊಬೈಲು ಹಿಡಿದು ಕೂತೆ. ನನ್ನ ಮಗಳು ಕಳಿಸಿದ ಲಿಂಕು ಒತ್ತಿದರೆ, ಪುಣೆಯ ಚಿತ್ರಗಳನ್ನೇ ಬಿಡಿಸುವ ಒಬ್ಬ ಹುಡುಗಿಯ ಆನ್‌ಲೈನ್ ಅಂಗಡಿ ತೆರೆಯಿತು. ಬಿಡಿಸುವವಳೂ ಅವಳೇ, ಪೊಟ್ಟಣ ಕಟ್ಟಿ ಕಳಿಸುವವಳೂ ಅವಳೇ. ಅಂಗಡಿಯೆಂದರೆ ಗಲ್ಲಾಪೆಟ್ಟಿಗೆ, ಊದುಬತ್ತಿ, ಒಂದು ಗುರ್ರೆನ್ನುವ ಫ್ಯಾನು ಎಂದು ನಂಬಿದ ನನಗೆ ಇದು ಬಾಗಿಲಿಲ್ಲದ ಅಂಗಡಿ. ಬೆರಳಿನಿಂದಲೇ ಒಳಗೆ ನಡೆಯಬೇಕು. ಪೇಟೆಯ ಮರದ ಬಾಲ್ಕನಿ, ಒಂದು ಕಡೆಗೆ ವಾಲಿದ ಬಸ್ಸು, ರಿಕ್ಷಾದಲ್ಲಿ ನಿದ್ದೆಹೋದ ಬೆಕ್ಕು ಇವನ್ನೆಲ್ಲ ದಾಟಿದ ಬೆರಳು ಒಂದು ಚಿತ್ರದ ಮೇಲೆ ನಿಂತುಬಿಟ್ಟಿತು. ಕಲ್ಲುಹಾಸಿನ ಮೇಜು, ಆಚೆ ಗೋಡೆಗೆ ಸೊಂಟದೆತ್ತರ ಹಸಿರು ಟೈಲ್ಸು, ಅವುಗಳ ನಡುವೆ ಒಂದೇ ಒಂದು ಕಂದು.

ಆ ಕಂದು ಟೈಲು ಹಾಕಿಸಿದ್ದು ಇವರೇ. ಹಸಿರು ಒಡೆದಾಗ ಅದರ ಜೋಡಿ ಊರಿಡೀ ಅಲೆದರೂ ಸಿಕ್ಕಿರಲಿಲ್ಲ.

ಸೋಜಿಗವೆಂದರೆ, ಇದು ನಮ್ಮದೇ ಹೋಟೆಲೆಂದು ಗುರುತು ಹಿಡಿದ ನಾನು ಅದನ್ನು ಈ ಕೋನದಿಂದ ಎಂದೂ ನೋಡಿದವಳಲ್ಲ. ಹಿಂಬಾಗಿಲಿನಿಂದ ಬಂದು, ಕಾಯಿ ತುರಿದು, ಚಟ್ನಿಗೆ ಒಗ್ಗರಣೆ ಹಾಕಿ, ಹಿಂಬಾಗಿಲಿನಿಂದಲೇ ಹೋಗುತ್ತಿದ್ದೆ. ತಟ್ಟೆ ದಾಟಿಸುವ ಕಿಂಡಿಯಲ್ಲಿ ನನಗೆ ದಕ್ಕಿದ್ದು ಗಿರಾಕಿಗಳ ನೆತ್ತಿಯ ದರ್ಶನ ಮಾತ್ರ. ಚಿತ್ರದಲ್ಲಿ ಆ ಕಿಂಡಿ ಬರೀ ಕಪ್ಪು ಚೌಕ. ಅದರೊಳಗೆ ನಾನಿದ್ದೆ.

ಅಂಗಡಿಯ ನಂಬರಿಗೆ ಫೋನು ಮಾಡಿದೆ. ಮರಾಠಿಯಲ್ಲಿ ಶುರುವಾದ ಮಾತು, ಒಬ್ಬರ ಮರಾಠಿಯೊಳಗಿನ ಕನ್ನಡವನ್ನು ಇನ್ನೊಬ್ಬರು ಪತ್ತೆಹಚ್ಚಿ, ಬೇಗನೆ ಹಾದಿಗೆ ಬಂತು. ಅವಳ ತಾಯಿ ವಿಜಯಪುರದ ಕಡೆಯವರಂತೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟೊಡನೆ ಮಗಳನ್ನು ದೋಸೆಗೆ ಕರೆತರುತ್ತಿದ್ದರಂತೆ.

"ನಿಮ್ಮ ಹೋಟೆಲೇನ್ರಿ ಆಂಟಿ ಅದು? ನಮ್ಮವ್ವ ಅಲ್ಲಿ ಕೂತಾಗ ಭಾಳ ನಗ್ತಿದ್ಲರಿ. ಮನ್ಯಾಗ ಹಂಗ ನಗ್ತಿರಲಿಲ್ಲ. ಅದಕ್ಕ ಆ ಟೇಬಲ್ ಬಿಡಿಸೀನಿ."

ಚಿತ್ರವನ್ನು ನನಗೇ ತರಿಸಿಕೊಂಡೆ. ನಿಗಡಿಗೆ ಗೋಡೆ ಗಡಿಯಾರವೇ ಹೋಯಿತು. ಆದರೆ ಇವರಿಗೆ ತೋರಿಸುವುದು ಹೇಗೆ? ನೋಡಿ ಸುಮ್ಮನೆ ಎದ್ದುಹೋದರೆ, ಹೋಟೆಲಿನ ಮಾತು ಈ ಜನ್ಮಕ್ಕೆ ಮುಗಿದ ಹಾಗೆ. ಕೆಲವು ದಿನ ಅದು ಸೀರೆಗಳ ಅಡಿಯಲ್ಲಿ ಅಜ್ಞಾತವಾಸ ಮಾಡಿತು. ಕೊನೆಗೊಂದು ಮಧ್ಯಾಹ್ನ, ಇವರು ಕಾಫಿಗೆ ಕೂತ ಹೊತ್ತಿಗೆ, ಉಪ್ಪಿನಕಾಯಿ ಜಾಡಿಗೆ ಒರಗಿಸಿ ನಿಲ್ಲಿಸಿದೆ.

ನೋಡಿದರು. ಕನ್ನಡಕ ತೆಗೆದು, ಪಂಚೆಯಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಕಾಫಿಯ ಮೇಲೆ ಕೆನೆ ಕಟ್ಟಿತು. ನಾನು ಪೇಪರು ಕೈಗೆ ಸಿಗದಷ್ಟು ದೂರ ಸರಿಸಿದೆ. ಆಮೇಲೆ ಅವರ ತೋರುಬೆರಳು ಚಿತ್ರದ ಮೂಲೆಗೆ ಹೋಯಿತು. ಅಲ್ಲಿ ನಮ್ಮ ಸಪ್ಲೈಯರ್ ಶೀನ, ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದು, ನಾಲ್ಕರಲ್ಲೂ ಬೆರಳದ್ದಿ ಬರುತ್ತಿದ್ದ.

"ಎಂತ ಮಾರಾಯ್ತಿ ಇದು? ನಮ್ಮಲ್ಲಿ ಬೆರಳು ಅದ್ದಿ ನೀರು ಕೊಡುವ ಕ್ರಮವೇ ಇರ್ಲಿಲ್ಲ."

ಶಟರ್ ಎಳೆದ ಮೇಲೆ ಹೋಟೆಲಿನ ಬಗ್ಗೆ ಅವರಾಡಿದ ಮೊದಲ ಮಾತು. ಇದನ್ನು ನನಗಲ್ಲ, ಬಿಡಿಸಿದವಳಿಗೇ ಹೇಳಿ ಎಂದು ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಎಷ್ಟೋ ಕಾಲದ ನಂತರ ಗಲ್ಲಾದ ದನಿ ಹೊರಟಿತು: ಗ್ಲಾಸು ಹೇಗೆ ಹಿಡಿಸುತ್ತಿದ್ದೆ, ಟ್ರೇ ಎಷ್ಟು ತಂದಿಟ್ಟಿದ್ದೆ, ಎಲ್ಲ. ಹುಡುಗಿ ಪೂರಾ ಕೇಳಿಸಿಕೊಂಡು, ಬೇಕಾದರೆ ತಿದ್ದಿ ಕೊಡುತ್ತೇನೆ ಎಂದಳು. ಆಮೇಲೆ ಸ್ವಲ್ಪ ಅಳುಕಿ ಸೇರಿಸಿದಳು:

"ನೀವು ಗಲ್ಲಾದಾಗ ಕೂತಾಗ ಟ್ರೇದಾಗ ತರ್ತಿದ್ರರಿ ಅಂಕಲ್. ನೀವು ಹೊರಗ ಹೋದ್ರ ಹಿಂಗ."

ಇವರು ಚಿತ್ರದ ಶೀನನನ್ನು ನೋಡಿದರು, ಶೀನ ಇವರನ್ನು. ಗಿರಾಕಿಯ ಮಾತಿಗೆ ಎದುರಾಡಬಾರದೆಂಬುದು ಗಲ್ಲಾದ ಹಳೆಯ ಕಟ್ಟಳೆ.

"ತಿದ್ದುವುದು ಬೇಡಮ್ಮ," ಎಂದರು. "ಹಾಗೇ ಇರಲಿ."

ಫೋನಿಟ್ಟು ಒಳಗೆ ಹೋದರು. ಎದ್ದೇ ಹೋದರಲ್ಲ ಎಂದು, ಚಿತ್ರವನ್ನು ಮತ್ತೆ ಸೀರೆಗಳ ಅಡಿಗೆ ಸೇರಿಸಲು ಕೈಚಾಚಿದೆ. ಅಷ್ಟರಲ್ಲಿ ನಲ್ಲಿಯ ಸದ್ದು ಕೇಳಿತು, ಜೊತೆಗೇ ಒಬ್ಬರೇ ನಗುವ ಸದ್ದು. ಹೊರಬಂದಾಗ ಅವರ ಒಂದು ಕೈಯಲ್ಲಿ ನಾಲ್ಕು ಲೋಟ, ಬೆರಳುಗಳೆಲ್ಲ ನೀರೊಳಗೆ. ಇಬ್ಬರೇ ಇದ್ದ ಮೇಜಿನ ಮೇಲೆ ನಾಲ್ಕನ್ನೂ ಟಕ್ಕೆಂದು ಇಟ್ಟರು, ಥೇಟು ಶೀನನ ಹಾಗೆ. ನಾನು ಸಿಂಕಿನ ಕಡೆ ನೋಡಲಿಲ್ಲ. ಗಿರಾಕಿಯ ಹಾಗೆ ಬೆನ್ನು ಒರಗಿಸಿ ಕೂತು, ಒಂದು ಲೋಟ ಪೂರಾ ಕುಡಿದೆ.