ಯುಗಾದಿಯವರೆಗೆ ಒಡೆಯದ ಲಕೋಟೆ

ನಂಜನಗೂಡಿನ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ, ತಗಡಿನ ಸೂರಿನ ಒಂದು ಶೆಡ್ಡಿನಲ್ಲಿ ನಾನು ಗುಮಾಸ್ತೆಯಾಗಿದ್ದೆ. ತೊಂಬತ್ತರ ದಶಕದ ಮಾತು. ಭಾರೀ ಲಾರಿಗಳ ಕಮಾನು ಪಟ್ಟಿಯ ತುದಿಗೆ ಕೂರುವ ಬುಷ್ ಎಂಬ ಲೋಹದ ಬಳೆ ಅಲ್ಲಿ ತಯಾರಾಗುತ್ತಿತ್ತು. ಹದಿನಾಲ್ಕು ಜನರ ಅನ್ನ ಅದು. ಕೊಳ್ಳುವವರು ಮಾತ್ರ ಒಬ್ಬರೇ, ದೂರದ ಊರಿನ ಒಂದು ಲಾರಿ ಕಂಪನಿ. ಅವರ ಲಾರಿ ಮಾರಾಟವಾದರೆ ಲೋಹ ಕಡೆಯುವ ನಮ್ಮ ಲೇತು ಯಂತ್ರ ತಿರುಗುತ್ತಿತ್ತು, ಇಲ್ಲವಾದರೆ ಇಲ್ಲ.

ಆ ಕಂಪನಿ ವರ್ಷಕ್ಕೊಂದು ಕಾಗದ ಕಳಿಸುತ್ತಿತ್ತು. ಹೋದ ವರ್ಷ ವ್ಯಾಪಾರ ಹೇಗಾಯಿತು, ಬರುವ ವರ್ಷ ಯಾವ ಮಾಡೆಲ್ ತರುತ್ತಾರೆ, ನಮ್ಮಿಂದ ಎಷ್ಟು ಮಾಲು ಬೇಕು, ಎಲ್ಲ ಇಂಗ್ಲಿಷಿನಲ್ಲಿ. ಅವರ ವರ್ಷ ಮುಗಿಯುವುದೂ ನಮ್ಮ ಯುಗಾದಿ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗಾಗಿ ಶೆಡ್ಡಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಲಕೋಟೆಯನ್ನು ಒಡೆಯದೆ ದೇವರ ಪಟದ ಮುಂದೆ ಇಡುವುದು. ಯುಗಾದಿಯ ಬೆಳಿಗ್ಗೆ ಯಂತ್ರಗಳಿಗೆ ಕುಂಕುಮ ಹಚ್ಚಿ, ಬೇವುಬೆಲ್ಲ ಹಂಚಿ, ಆಮೇಲೆ ಅದನ್ನು ಪಂಚಾಂಗದ ಹಾಗೆ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳುವುದು. ಓದುವವಳು ನಾನು.

ಈ ಪದ್ಧತಿ ಹುಟ್ಟುಹಾಕಿದವಳೂ ನಾನೇ. ತಿ. ನರಸೀಪುರದಲ್ಲಿ ನಮ್ಮದು ದೇವಸ್ಥಾನದ ಮನೆತನ. ಅಪ್ಪ ಪ್ರತಿ ಯುಗಾದಿಗೆ ಪಂಚಾಂಗ ಓದುತ್ತಿದ್ದರು. ಅಣ್ಣ ತಡವರಿಸುತ್ತ ಓದಿದರೂ ಸೈ, ನನಗೆ ಮುಟ್ಟಲು ಕೊಡುತ್ತಿರಲಿಲ್ಲ. ಆ ಹೊಟ್ಟೆಯುರಿಯನ್ನು ದಿನಾ ಬಸ್ಸಿನಲ್ಲಿ ನಂಜನಗೂಡಿಗೆ ಹೊತ್ತು ತರುತ್ತಿದ್ದೆ. ಶೆಡ್ಡಿನಲ್ಲಿ ‘ಈ ಸಂವತ್ಸರಕ್ಕೆ ರಾಜ ಹತ್ತು ಚಕ್ರದ ಲಾರಿ, ಮಂತ್ರಿ ಟಿಪ್ಪರು’ ಎಂದು ಅಪ್ಪನ ರಾಗದಲ್ಲೇ ಶುರುಮಾಡಿದರೆ ಎಲ್ಲರೂ ಹೋ ಎಂದು ನಗುತ್ತಿದ್ದರು. ಅಷ್ಟು ಜನ ಬಾಯಿಬಿಟ್ಟುಕೊಂಡು ನನ್ನ ಮಾತು ಕೇಳುತ್ತಿದ್ದ ದಿನ ವರ್ಷದಲ್ಲಿ ಅದೊಂದೇ.

ಆ ವರ್ಷ ಲಾರಿ ವ್ಯಾಪಾರ ನೆಲ ಕಚ್ಚಿತ್ತು. ನಮ್ಮ ಮೂರು ಲೇತುಗಳಲ್ಲಿ ಎರಡು ಸುಮ್ಮನೆ ನಿಂತಿದ್ದವು. ಯುಗಾದಿಯೂ ತಡವಾಗಿ ಬಂದಿತ್ತು. ಲಕೋಟೆ ಹಬ್ಬಕ್ಕೆ ಒಂಬತ್ತು ದಿನ ಮೊದಲೇ ಕೈ ಸೇರಿತು. ಶೆಡ್ಡಿನ ಯಜಮಾನರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮೈಸೂರಿನಲ್ಲಿ ಮಲಗಿದ್ದರು. ಹೆಡತಲೆ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಮೇಸ್ತ್ರಿ, ಲೇತಿನ ಮುಂದೆಯೇ ತಲೆ ನರೆಸಿಕೊಂಡವರು, ಅವತ್ತು ಮಧ್ಯಾಹ್ನ ಬಂದು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಉಳಿದವರೆಲ್ಲ ಹೊರಗೆ ಬುತ್ತಿ ಬಿಚ್ಚಿ ಕೂತಿದ್ದರು.

“ಅಮ್ಮಾರೇ, ಈ ಸತಿ ಬಲೇ ತೆಳ್ಳಗದೆ. ಒಡ್ದು ನೋಡಿ. ನಂಗ್ಯಾಕೋ ಎದೆ ಅಳುಕ್ತದೆ.”

“ಯುಗಾದಿಗೆ ಮುಂಚೆ ಯಾರಾದ್ರೂ ಪಂಚಾಂಗ ಓದ್ತಾರಾ ಮೇಸ್ತ್ರಿಗಳೇ? ಇಡಿ ಅಲ್ಲಿ.”

“ಕೆಟ್ಟದ್ದಿದ್ರೆ ಮೊದ್ಲೇ ತಿಳೀಲಿ ಅಂತ ಕಣಮ್ಮ. ಈ ವಯಸ್ನಲ್ಲಿ ನಂಗೆ ಇನ್ಯಾರು ಲೇತು ಕೊಟ್ಟಾರು?”

ನಾನು ಲಕೋಟೆ ಕಿತ್ತುಕೊಂಡು ಪಟದ ಮುಂದೆ ಇಟ್ಟೆ. ನನ್ನ ದಿನವನ್ನು ಯಾರೋ ಕಸಿದುಕೊಳ್ಳಲು ಬಂದ ಹಾಗೆ ಸಿಟ್ಟು ಬಂದಿತ್ತು. ಭಯವೂ ಇತ್ತು, ಸುಳ್ಳೇಕೆ ಹೇಳಲಿ. ತೆಳ್ಳಗಿರುವುದು ನನ್ನ ಕೈಗೂ ಗೊತ್ತಾಗಿತ್ತು.

ಯುಗಾದಿಯ ಬೆಳಿಗ್ಗೆ ಒಡೆದೆ. ಒಂದೇ ಹಾಳೆ. ರಾಗವಾಗಿಯೇ ಶುರುಮಾಡಿದೆ. ಆಯ ಕಡಿಮೆ, ವ್ಯಯ ಜಾಸ್ತಿ, ಲಾರಿ ಕೊಳ್ಳುವವರಿಲ್ಲ. ಯಾರೂ ನಗಲಿಲ್ಲ. ಹಳೆಯ ಮಾಡೆಲ್ ನಿಲ್ಲಿಸುತ್ತಾರೆ, ಹೊಸ ಲಾರಿ ತರುತ್ತಾರೆ, ಮಾಲು ಕೊಡುವವರನ್ನು ಅರ್ಧಕ್ಕೆ ಇಳಿಸುತ್ತಾರೆ. ಕೆಳಗೆ ಹೊಸ ಬುಷ್ಷಿನ ಅಳತೆ. ಅದರ ಕೆಳಗೆ ಒಂದು ಸಾಲು: ಇಂಥ ತಾರೀಖಿನೊಳಗೆ ಸ್ಯಾಂಪಲ್ ತಲುಪಿಸಿದವರಿಗೆ ಮಾತ್ರ ಮುಂದೆ ಕೆಲಸ. ಆ ತಾರೀಖು ಕಳೆದು ಎರಡು ದಿನವಾಗಿತ್ತು. ರಾಗ ಅಲ್ಲಿಗೇ ನಿಂತಿತು.

ಮೇಸ್ತ್ರಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಲೇತಿನ ಮೇಲಿನ ಹೂವು ತೆಗೆದು, ಕುಂಕುಮ ಒರೆಸಿ, ಹಾಳೆಯನ್ನು ಕಣ್ಣೆದುರಿಗೆ ಅಂಟಿಸಿಕೊಂಡು ಕೆಲಸಕ್ಕೆ ನಿಂತರು. ಹಬ್ಬದೂಟಕ್ಕೂ ಮನೆಗೆ ಹೋಗಲಿಲ್ಲ. ಸಂಜೆ ನಾಲ್ಕು ಬುಷ್‌ಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಂಪನಿಯ ಊರಿಗೆ ಬಸ್ಸು ಹತ್ತಿದರು. ಮಾರನೆಯ ದಿನವಿಡೀ ನಾನು ಕಂಪನಿಗೆ ಫೋನು ಮಾಡಿ ಅಂಗಲಾಚಿದೆ. ಒಬ್ಬರು ಇನ್ನೊಬ್ಬರಿಗೆ ದಾಟಿಸಿದರು, ಕೊನೆಗೆ ಯಾರೂ ಎತ್ತಲಿಲ್ಲ.

ಮೂರನೆಯ ದಿನ ಮೇಸ್ತ್ರಿ ವಾಪಸು ಬಂದು ಬುಷ್‌ಗಳನ್ನು ನನ್ನ ಮೇಜಿನ ಮೇಲಿಟ್ಟರು.

“ಅಳ್ತೆ ಇಡ್ದು ನೋಡುದ್ರು ಅಮ್ಮಾರೇ. ಒಂದು ಕೂದ್ಲೆಳೆ ಎಚ್ಚುಕಮ್ಮಿ ಇಲ್ಲ ಅಂದ್ರು. ಆದ್ರೆ ಮಾಲು ಕೊಡೋರ ಪಟ್ಟಿ ಅಬ್ಬಕ್ಕೆ ಮುಂಚೆನೇ ಆಗೋಗದೆ ಅಂದ್ರು.”

ಎರಡು ತಿಂಗಳಿಗೆ ಶೆಡ್ಡು ಮುಚ್ಚಿತು. ನನಗೆ ಮತ್ತೊಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೇಸ್ತ್ರಿ ನಮ್ಮೂರಿನದೇ ಅಕ್ಕಿ ಗಿರಣಿಯ ಗೇಟಿನಲ್ಲಿ ಕಾವಲಿಗೆ ನಿಂತರು. ಎರಡು ಸಾವಿರದ ಇಸವಿ ದಾಟಿದ ಮೇಲೂ ಅಲ್ಲೇ ಇದ್ದರು, ನಾನು ಬಸ್ಸಿಳಿದು ಹಿಂದಿನ ಬೀದಿಯಿಂದ ಸುತ್ತು ಹಾಕಿ ಮನೆ ಸೇರುತ್ತಿದ್ದೆ. ಅವರೇನಾದರೂ ಅಂದಾರು ಎಂದಲ್ಲ. ಅವರು ಏನೂ ಅನ್ನುವವರಲ್ಲ ಎಂದು ಶೆಡ್ಡು ಮುಚ್ಚಿದ ದಿನವೇ ಗೊತ್ತಾಗಿತ್ತು.

ಅವತ್ತು ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳಿದ್ದರು: “ಒಂಬತ್ತು ದಿನ ಕಣ್ಮುಂದೆ ಇತ್ತಲ್ರೋ. ಒಡೆದು ನೋಡೋಣ ಅಂತ ಒಬ್ಬರಿಗೂ ಅನ್ನಿಸಲಿಲ್ವಾ?”

ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿದರು.

“ಇಲ್ಲ ಸಾ. ಯಾರ್ಗೂ ತೋಚ್ನಿಲ್ಲ” ಅಂದರು.

ನಾನೂ ಹೌದೆಂದು ತಲೆಯಾಡಿಸಿದೆ.